ಎರಡೂ ಕೈ ಚೀಲಕ್ಕೆ

ನನ್ನ ತಮ್ಮನ ಹೆಂಡತಿ ತೀರಿಕೊಂಡಾಗ, ಅವನಿಗೆ ಇನ್ನೊಂದು ಮದುವೆ ಮಾಡಿ ಎಂದು ಬುದ್ಧಿ ಹೇಳಲು ಬಂದವರಿಗೆಲ್ಲ ನಾನು ಬಾಗಿಲ ಹಿಂದಿನ ಗೂಟ ತೋರಿಸುತ್ತಿದ್ದೆ. "ಅಗೋ, ಅಲ್ಲಿ ನೇತಾಡ್ತಿದ್ದಾಳೆ ನೋಡಿ. ಅವಳಿರೋ ಮನೇಲಿ ಇನ್ನೊಬ್ಬಳು ಬಾಳೋದುಂಟಾ?" ಗೂಟದಲ್ಲಿದ್ದದ್ದು ಟಪಾಲು ಚೀಲ. ದಪ್ಪ ತೊಗಲಿನದು, ಹಿತ್ತಾಳೆ ಕೊಕ್ಕೆಯದು. ಅದಕ್ಕೆ ಎಣ್ಣೆ ಸವರಿ ತಿಕ್ಕಿದಷ್ಟು ಪ್ರೀತಿಯಿಂದ ಅವನು ತನ್ನ ತಲೆಗೂ ಎಣ್ಣೆ ಹಚ್ಚಿಕೊಂಡವನಲ್ಲ. ಬದುಕಿದ್ದಾಗ ಅವನ ಹೆಂಡತಿ ಅದನ್ನು 'ನನ್ನ ಸವತಿ' ಎಂದೇ ಕರೆಯುತ್ತಿದ್ದಳು. ಅವಳು ನಗುತ್ತ ಹೇಳುತ್ತಿದ್ದಳು, ಪಾಪ. ನನಗೆ ನಗು ಬರುತ್ತಿರಲಿಲ್ಲ. ಆ ಚೀಲ ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ನಾನು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಅವನಿಗಿಂತ ದೊಡ್ಡವಳು, ಅವನ ಮೂಗು ಒರೆಸಿ ಬೆಳೆಸಿದವಳು. ಹಾಗಾಗಿ ಅವನನ್ನು ಬೈಯುವ ಹಕ್ಕು ನನಗೆ ಹುಟ್ಟಿನಿಂದಲೇ ಬಂದದ್ದು. ಅದನ್ನು ಒಂದು ದಿನವೂ ಸುಮ್ಮನೆ ಬಿಟ್ಟದ್ದಿಲ್ಲ.

ನಮ್ಮ ಸುತ್ತಿನ ಹಳ್ಳಿಗಳಿಗೆ ಮನೆ ಬಾಗಿಲಿಗೆ ಕಾಗದ ಬರುವ ಏರ್ಪಾಡು ಶುರುವಾದದ್ದೇ ಅವನಿಂದ. ಅದಕ್ಕೆ ಮುಂಚೆ ಕಾಗದ ಬಂದಿದೆಯೋ ಇಲ್ಲವೋ ಎಂದು ನೋಡಲು ಹೊಳೆ ದಾಟಿ ಪೇಟೆಗೆ ಹೋಗಬೇಕಿತ್ತು. ಬಂದಿಲ್ಲ ಎಂದರೆ ಪೆಚ್ಚು ಮೋರೆ ಹಾಕಿಕೊಂಡು ಅಷ್ಟೇ ದೂರ ವಾಪಸ್ಸು ನಡೆಯಬೇಕಿತ್ತು. ಇನ್ನು ಹಳ್ಳಿಗೇ ಟಪಾಲಿನವನು ಬರುತ್ತಾನೆ, ಬೇಲಿಗೊಂದು ಪೆಟ್ಟಿಗೆ ಇಡಿ ಎಂದು ಡಂಗುರ ಹೊಡೆಸಿದಾಗ ಜನ ಅದನ್ನು ತಮಾಷೆ ಎಂದುಕೊಂಡರು. ಒಬ್ಬ ಸೀಮೆಎಣ್ಣೆ ಡಬ್ಬ ಕತ್ತರಿಸಿ ಮೊಳೆ ಹೊಡೆದ. ಒಬ್ಬಳು ಬಾಯಿ ಒಡೆದ ಹೂಜಿ ಇಟ್ಟಳು, ಅದರಲ್ಲಿ ಕೋಳಿ ಬಂದು ಮೊಟ್ಟೆ ಇಡತೊಡಗಿತು. ಕಮ್ಮಾರ ಅಂತೂ ತನ್ನ ಹಳೆ ಬೂಟೊಂದನ್ನು ಬೇಲಿಗೆ ತೂಗುಹಾಕಿ, "ನನ್ನದು ಇದೇ, ಕಾಗದ ಹಾಕೋ ಮುಂಚೆ ಚೇಳು ಇದೆಯಾ ನೋಡ್ಕೋ" ಎಂದ. ನನ್ನ ತಮ್ಮ ದಿನಾ ನಿಷ್ಠೆಯಿಂದ ಬೂಟನ್ನು ಬೋರಲು ಹಾಕಿ ಕೊಡವಿ ಆಮೇಲೆ ಕಾಗದ ಹಾಕುತ್ತಿದ್ದ.

ಇದನ್ನೆಲ್ಲ ಅವನು ನಕ್ಕು ಸಹಿಸಿದ. ಸಹಿಸಲಾರದೆ ಹೋದದ್ದು ಗಾಣದವನ ಒಂದು ಮಾತು. ಮೊದಲ ಮಳೆಗಾಲದಲ್ಲಿ ಒಮ್ಮೆ ಹೊಳೆ ದಾಟುವಾಗ ಚೀಲ ನೆನೆದು, ಗಾಣದವನಿಗೆ ಬಂದಿದ್ದ ಕಾಗದದ ಶಾಯಿಯೆಲ್ಲ ಕದಡಿಹೋಗಿತ್ತು. ಗಾಣದವನು ಅದನ್ನು ಕಟ್ಟೆಯ ಮೇಲೆ ಕೂತ ಹತ್ತಾರು ಜನರ ಮುಂದೆ ಎತ್ತಿ ಹಿಡಿದು, "ನಮಗಿಂತ ಮೊದ್ಲು ಮೀನುಗಳು ಓದಿವೆ ಕಣ್ರಪ್ಪಾ! ಉತ್ತರಾನೂ ಅವೇ ಬರೀಲಿ" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಒಂದು ವರ್ಷ ನನ್ನ ತಮ್ಮನ ಹೆಸರು 'ಮೀನಿನ ಟಪಾಲು' ಎಂದೇ ಆಯಿತು.

ಆ ದಿನ ಮನೆಗೆ ಬಂದವನು ಊಟ ಮಾಡಲಿಲ್ಲ. ಮಾರನೆಯ ದಿನದಿಂದ ಒಂದು ಪದ್ಧತಿ ಹಿಡಿದ. ಪೇಟೆಗೂ ನಮಗೂ ನಡುವಿನ ಹೊಳೆಗೆ ಸೇತುವೆ ಇರಲಿಲ್ಲ. ಕಲ್ಲು ಹಾಸಿದ ಹಾದಿಯೊಂದು ನೀರಿನೊಳಗೇ ಹೋಗುತ್ತಿತ್ತು. ದಾಟುವವರು ಹಿಡಿದುಕೊಳ್ಳಲೆಂದು ಈ ದಡದ ಮರದಿಂದ ಆ ದಡದ ಮರಕ್ಕೆ ಒಂದು ದಪ್ಪ ಹಗ್ಗ ಕಟ್ಟಿತ್ತು. ಹೊಳೆ ಬಂದಾಗ ಚೀಲವನ್ನು ಭುಜದಿಂದ ಇಳಿಸಿ ತಲೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಅಮುಕಿ ಹಿಡಿದು ದಾಟಬೇಕು. ಒಂದು ಕೈ ಹಗ್ಗಕ್ಕೆ ಕೊಟ್ಟರೆ ಚೀಲ ವಾಲುತ್ತದೆ, ನೀರು ಸಿಡಿಯುತ್ತದೆ. "ಹಗ್ಗ ಇರೋದು ಬರಿಗೈಯವರಿಗೆ ಅಕ್ಕ. ನಮ್ಮದು ಎರಡೂ ಕೈ ಚೀಲಕ್ಕೆ" ಎನ್ನುತ್ತಿದ್ದ. ಆಮೇಲೆ ಅವನ ಕೈಯಲ್ಲಿ ಒಂದೇ ಒಂದು ಕಾಗದ ನೆನೆಯಲಿಲ್ಲ. ಬರುಬರುತ್ತ ಜನ ಹಂಗಿಸುವುದನ್ನು ಬಿಟ್ಟು ಅವನನ್ನು 'ಟಪಾಲಣ್ಣ' ಎಂದು ಕರೆಯತೊಡಗಿದರು. ಬೂಟು, ಹೂಜಿ ಹೋಗಿ ಬೇಲಿಗಳ ಮೇಲೆ ಬಣ್ಣ ಹಚ್ಚಿದ ಮರದ ಪೆಟ್ಟಿಗೆಗಳು ಬಂದವು.

ಅವನಿಗೆ ಇದ್ದದ್ದು ಒಬ್ಬಳೇ ಮಗಳು. ನಾನವಳನ್ನು ಜೀರುಂಡೆ ಎಂದು ಕರೆಯುತ್ತಿದ್ದೆ, ಯಾಕೆಂದರೆ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಹಾಡು ಇಲ್ಲದಿದ್ದರೆ ಮಾತು, ಮಾತು ಇಲ್ಲದಿದ್ದರೆ ಸುಮ್ಮನೆ ಗುಂಯ್ ಎನ್ನುವುದು. ತಾಯಿ ಸತ್ತಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನನ್ನ ಮಗ್ಗುಲಲ್ಲೇ ಮಲಗಿ ಬೆಳೆದಳು. ಅತ್ತೆ ಎಂದು ಕರೆಯುತ್ತಿದ್ದುದು ಬಾಯಿಮಾತಿಗೆ, ನಾನು ಅವಳಿಗೆ ಏನು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಟಪಾಲು ಕಚೇರಿಯ ಕಾನೂನಿನಂತೆ ಪ್ರತಿಯೊಬ್ಬ ಟಪಾಲಿನವನೂ ಮನೆಯವರಲ್ಲೇ ಒಬ್ಬರನ್ನು ಬದಲಿ ಎಂದು ಗೊತ್ತು ಮಾಡಬೇಕಿತ್ತು, ತಾನು ಕಾಯಿಲೆ ಬಿದ್ದ ದಿನ ಕಾಗದ ಹಂಚುವ ಸುತ್ತು ನಿಲ್ಲದಿರಲೆಂದು. ಗಂಡುಮಕ್ಕಳಿಲ್ಲದ ನನ್ನ ತಮ್ಮ ಮಗಳನ್ನೇ ಗೊತ್ತು ಮಾಡಿದ. ಅವಳು ಪೇಟೆಗೆ ಹೋಗಿ ಅಂಚೆ ಮಾಸ್ತರರ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡಿ ಬಂದಳು. ಬಂದವಳಿಗೆ ನೆಲ ಕಾಣುತ್ತಿರಲಿಲ್ಲ. "ಅತ್ತೇ, ಇನ್ಮೇಲೆ ನನ್ನ ಬೈದ್ರೆ ಸರ್ಕಾರಾನ ಬೈದ ಹಾಗೆ" ಎಂದಳು. "ಸರ್ಕಾರದವರೇ, ಮೊದ್ಲು ಆ ಪಾತ್ರೆ ತಿಕ್ಕಿ" ಎಂದೆ.

ಹೊರಗೆ ನಗುತ್ತಿದ್ದರೂ ನನಗೆ ಇದು ಹಿಡಿಸಿರಲಿಲ್ಲ. ಅಪ್ಪನಿಗೆ ಜ್ವರ ಬಂದಾಗಲೋ ನೆಗಡಿಯಾದಾಗಲೋ ಅವಳು ಸುತ್ತು ಹೋಗುತ್ತಿದ್ದಳು, ಬಂದು ಸುದ್ದಿಯ ಗಂಟು ಬಿಚ್ಚುತ್ತಿದ್ದಳು. ಸುತ್ತಿನ ಕೊನೆಯ ಮನೆ ಗಾರೆಯವನದು. ಅವನು ಮದುವೆಯಾದ ಹೊಸದರಲ್ಲೇ ದೂರದ ಊರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ದಿನವೂ ಬೇಲಿಗೆ ಒರಗಿ ನಿಂತಿರುತ್ತಿದ್ದಳು. ಕಾಗದ ಇದ್ದರೆ ನಮ್ಮ ಜೀರುಂಡೆ ಓಣಿಯ ತುದಿಯಿಂದಲೇ ಅದನ್ನು ಗಾಳಿಯಲ್ಲಿ ಬೀಸುತ್ತ ಓಡುತ್ತಿದ್ದಳಂತೆ. ಇಲ್ಲದ ದಿನ ಒಂದು ಗಳಿಗೆ ಅವಳ ಜತೆ ಮೆಟ್ಟಿಲ ಮೇಲೆ ಕೂತು ಬರುತ್ತಿದ್ದಳಂತೆ. "ಅವಳ ಜೀವ ಎಲ್ಲ ಈ ಚೀಲದಲ್ಲಿದೆ ಅತ್ತೆ" ಎನ್ನುತ್ತಿದ್ದಳು. ಅಪ್ಪನ ಮಾತು ಮಗಳ ಬಾಯಲ್ಲಿ ಬರುವುದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಳೆಗಾಲದಲ್ಲಿ ನನ್ನ ತಮ್ಮ ಬೇಲಿ ದಾಟುವಾಗ ಜಾರಿ ಕಾಲು ಉಳುಕಿಸಿಕೊಂಡ. ಪಾದ ಕುಂಬಳಕಾಯಿಯಂತೆ ಊದಿತು. ಜೀರುಂಡೆ ಸುತ್ತು ವಹಿಸಿಕೊಂಡಳು. ಕೆಲವು ದಿನ ಬಿಸಿಲಿತ್ತು, ಹೊಳೆ ಮೊಣಕಾಲು ಮುಟ್ಟುತ್ತಿರಲಿಲ್ಲ, ನಾನೂ ಸುಮ್ಮನಿದ್ದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮೇಲೆ ಹನಿ ಇಲ್ಲ, ಆದರೆ ಹೊಳೆ ಹುಟ್ಟುವ ಬೆಟ್ಟಗಳ ಕಡೆ ಆಕಾಶ ಬಾಣಲೆಯ ತಳದಂತೆ ಕಪ್ಪಾಗಿತ್ತು.

"ಇವತ್ತೊಂದು ದಿನ ಬೇಡ ಕಣೋ" ಎಂದೆ ತಮ್ಮನಿಗೆ. "ಅಲ್ಲಿ ಸುರೀತಾ ಇದೆ. ಹೋಗುವಾಗ ಚೆನ್ನಾಗೇ ಇರುತ್ತೆ. ಬರೋ ಹೊತ್ತಿಗೆ ನೀರು ಇಳಿದು ಬಂದಿರುತ್ತೆ."

"ಜನ ಕಾಯ್ತಿರ್ತಾರೆ ಅಕ್ಕ."

"ಕಾಯ್ಲಿ! ಒಂದು ದಿನ ಕಾದ್ರೆ ಯಾರ ಗಂಟು ಹೋಗುತ್ತೆ?"

"ನಿಂಗೆ ಅದು ಅರ್ಥ ಆಗಲ್ಲ" ಎಂದು ಗೋಡೆಯ ಕಡೆ ಮುಖ ತಿರುಗಿಸಿದ. ಕಾಲು ನೋವಿನ ಸಿಡುಕು ಬೇರೆ. ಜೀರುಂಡೆ ಬುತ್ತಿ ಕಟ್ಟಿಕೊಳ್ಳುತ್ತ ನನಗೆ ಕಣ್ಣು ಹೊಡೆದಳು. ಹೊಸ್ತಿಲು ದಾಟುವಾಗ ಅಪ್ಪ ಮಂಚದಿಂದಲೇ, ದಿನವೂ ಕೇಳುವ ಹಾಗೆ ಕೇಳಿದ: "ಹೊಳೇಲಿ?"

"ಎರಡೂ ಕೈ ಚೀಲಕ್ಕೆ!" ಎಂದು ರಾಗ ಎಳೆದು ಹೋದಳು.

ಮಧ್ಯಾಹ್ನ ಕಳೆದ ಮೇಲೆ ಕುರಿ ಕಾಯುವವನು ಓಡಿಬಂದ. ಅವನು ನಮ್ಮ ಅಂಗಳದಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ನಾನು ಅವನನ್ನು ಒಳಗೆ ಕರೆದುಕೊಂಡು ಹೋದೆ. ಮುಂದಿನದನ್ನು ಅವನು ತಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂತು, ತನ್ನ ಕಂಬಳಿಯ ಅಂಚನ್ನು ಕೈಯಲ್ಲಿ ಹಿಂಡುತ್ತ ಹೇಳಿದ. ಅವನು ಈ ದಡದಲ್ಲಿ ಕುರಿ ಮೇಯಿಸುತ್ತಿದ್ದ. ಹೊಳೆ ಕೆಂಪಾಗಿ ಏರುತ್ತಿತ್ತು. ಪೇಟೆ ಕಡೆಯಿಂದ ಹುಡುಗಿ ಬಂದು ದಡದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಚೀಲ ತಲೆಗಿಟ್ಟುಕೊಂಡು ಇಳಿದಳು.

"ನಡು ಹೊಳೆಗೆ ಬರೋ ಹೊತ್ತಿಗೆ ನೀರು ಸೊಂಟ ದಾಟಿತ್ತು. ಹಗ್ಗ ಹಿಡಿಯೇ ತಾಯಿ ಅಂತ ಬಾಯಿ ಬಾಯಿ ಬಡ್ಕೊಂಡೆ. ಹಗ್ಗ ಅವಳ ಭುಜಕ್ಕೇ ತಾಗ್ತಾ ಇತ್ತು ಟಪಾಲಣ್ಣ, ಭುಜಕ್ಕೇ. ಚೀಲ ಬಿಸಾಕೇ ಅಂದೆ. ಕೇಳಿಸ್ತು ಅವಳಿಗೆ. ನನ್ನ ಕಡೆ ನೋಡಿ ತಲೆ ಆಡಿಸಿದ್ಲು, ಆಗಲ್ಲ ಅಂತ. ಆಮೇಲೊಂದು ಮರದ ಕೊಂಬೆ ತೇಲಿ ಬಂದು ಬಡೀತು."

ತಮ್ಮ ಮೊಣಕೈ ಊರಿ ಮಂಚದಲ್ಲಿ ಎದ್ದು ಕೂತ. ಆಮೇಲೆ, "ಕೈ?" ಎಂದ.

"ಎರಡೂ ಮೇಲೇ ಇದ್ವು" ಎಂದ ಕುರಿ ಕಾಯುವವನು.

ಸಂಜೆಯೊಳಗೆ ಜನ ಅವಳನ್ನು ಹೊಳೆಯ ತಿರುವಿನಲ್ಲಿ, ಮರದ ಬೇರುಗಳ ನಡುವೆ ಕಂಡರು. ಚೀಲವೂ ಅಲ್ಲೇ ಸ್ವಲ್ಪ ದೂರದಲ್ಲಿ ಸಿಕ್ಕಿತು. ಮಗುವನ್ನು ನಾನೇ ಸ್ನಾನ ಮಾಡಿಸಿದೆ, ಕೂದಲಲ್ಲಿ ಸಿಕ್ಕಿಕೊಂಡ ಮರಳು ತೆಗೆದೆ. ಆ ಮನೆಯಲ್ಲಿ ಅಷ್ಟು ನಿಶ್ಶಬ್ದ ಹಿಂದೆಂದೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿರೇ ಎಂದು ಅವಳಿಗೆ ದಿನಕ್ಕೆ ಎಷ್ಟು ಸಲ ಹೇಳಿದವಳು ನಾನು. ಈಗ ಕೂತು ನೋಡಿದರೆ ನಿಜಕ್ಕೂ ಬಾಯಿ ಮುಚ್ಚಿಕೊಂಡಿದ್ದಳು.

ಮಣ್ಣು ಮಾಡಿ ಬಂದ ಮೇಲೆ, ಹೊಳೆ ಇಳಿದದ್ದೇ, ಪೇಟೆಯಿಂದ ಅಂಚೆ ಮಾಸ್ತರರು ಬಂದರು. ಒಳ್ಳೆಯ ಮನುಷ್ಯ, ಕಣ್ಣು ಕೆಂಪಾಗಿತ್ತು. "ಚೀಲ ಹೊಳೆ ಪಾಲಾಯ್ತು ಅಂತ ತಿಳಿಸಿಬಿಡ್ತೀನಿ. ಯಾರೂ ಏನೂ ಕೇಳಲ್ಲ. ನೀವು ಅದರ ಚಿಂತೆ ಬಿಡಿ" ಎಂದರು. ನನ್ನ ತಮ್ಮ ತಲೆ ಎತ್ತಲಿಲ್ಲ. "ಪಾಲಾಗಿಲ್ಲ ಸ್ವಾಮಿ. ಅವಳು ತಂದಿದ್ದಾಳೆ" ಎಂದ.

ಮಾರನೆಯ ದಿನ ನೋಡುತ್ತೇನೆ, ನೆಲದ ಮೇಲೆ ಬಟ್ಟೆ ಹಾಸಿಕೊಂಡು ಒದ್ದೆ ಕಾಗದಗಳನ್ನೆಲ್ಲ ಒಂದೊಂದಾಗಿ ಬಿಡಿಸಿಡುತ್ತಿದ್ದಾನೆ. ಕೆಲವನ್ನು ಒಲೆಯ ಪಕ್ಕ ಒರಗಿಸಿದ್ದ, ಕೆಲವನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ತೂಗಿಬಿಟ್ಟಿದ್ದ. ಅದೇ ಹಗ್ಗದ ಇನ್ನೊಂದು ತುದಿಯಲ್ಲಿ ಅವಳ ರವಿಕೆ ಒಣಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಥೂ, ನಿನ್ನ ಜನ್ಮಕ್ಕಿಷ್ಟು!" ಎಂದೆ. "ಮಗಳ ಗುಂಡಿ ಮೇಲಿನ ಮಣ್ಣು ಇನ್ನೂ ಹಸಿ ಇದೆ, ನೀನು ಊರಿನವರ ಕಾಗದ ಒಣಗಿಸ್ತಾ ಕೂತಿದ್ದೀಯಲ್ಲೋ! ಕಲ್ಲಾ ನೀನು? ಒಲೆಗೆ ಹಾಕು ಅದನ್ನೆಲ್ಲ!"

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ಹಾಕ್ತೀನಿ ಅಕ್ಕ, ಬೇಕಾದ್ರೆ ಚೀಲಾನೂ ಹಾಕ್ತೀನಿ" ಎಂದ. "ಆದ್ರೆ ಒಂದು ಸಲ ಇವನ್ನ ಮುಟ್ಟಿಸಿ ಬರ್ತೀನಿ. ಇಷ್ಟರಲ್ಲಿ ಒಂದಾದ್ರೂ, ಒಂದೇ ಒಂದಾದ್ರೂ ಯಾರಿಗೋ ಜೀವದಂಥ ಕಾಗದ ಆಗಿರಬೇಕು. ಆಗಿರಲೇಬೇಕು. ಇಲ್ದಿದ್ರೆ ಅವಳು ಯಾವುದಕ್ಕೆ..."

ನಾನು ಚೀಲವನ್ನು ಗೂಟದಿಂದ ತೆಗೆದು ನನ್ನ ಹೆಗಲಿಗೇ ಹಾಕಿಕೊಂಡೆ. ಅವನಿಗೆ ಊರುಗೋಲು ಒಂದು ಕಡೆ, ನನ್ನ ಭುಜ ಇನ್ನೊಂದು ಕಡೆ. ಹಳ್ಳಿಗಳೆಲ್ಲ ಹೊಳೆಯ ಈಚೆಗೇ ಇದ್ದುದರಿಂದ ದಾಟುವ ಕೆಲಸವಿರಲಿಲ್ಲ. ಆ ಚೀಲವನ್ನು ನಾನು ಹೊತ್ತದ್ದು ಅದೇ ಮೊದಲು. ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

ಬೇಲಿಯ ಪೆಟ್ಟಿಗೆಗೆ ಹಾಕಿ ಮುಂದೆ ಹೋಗುವುದು ಸುತ್ತಿನ ರೂಢಿ. ಆ ದಿನ ಅವನು ಒಂದೊಂದು ಬಾಗಿಲನ್ನೂ ತಟ್ಟಿದ. ಕಮ್ಮಾರ ಹೊರಗೆ ಬಂದು ನಮ್ಮಿಬ್ಬರನ್ನು ನೋಡಿ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. ನನ್ನ ತಮ್ಮ ಕಾಗದ ಕೊಟ್ಟು ಅಲ್ಲೇ ನಿಂತ. "ತೆಗೆದು ನೋಡಪ್ಪ" ಎಂದ. ಕಮ್ಮಾರ ಕೈ ಒರೆಸಿಕೊಂಡ. ಒಡೆದು ನೋಡಿದ. ಯಾವುದೋ ಅಂಗಡಿಯವರು ಹೊಸ ಮಾದರಿಯ ಚಿಲಕ ಬಂದಿದೆ ಎಂದು ಎಲ್ಲರಿಗೂ ಕಳಿಸುವ ಚಿತ್ರದ ಹಾಳೆ. ಅವನು ಅದನ್ನು ಮಡಿಸಿ ಬೆನ್ನ ಹಿಂದೆ ಹಿಡಿದುಕೊಂಡ. "ಮುಖ್ಯವಾದದ್ದೇ ಟಪಾಲಣ್ಣ, ಬೇಕಾಗಿತ್ತು" ಎಂದ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ.

ದರ್ಜಿಯ ವಿಧವೆಗೆ ಅವಳ ತಂಗಿ ಬರೆದಿದ್ದಳು: ಹಸು ಕರು ಹಾಕಿದೆ, ಕರುವಿನ ಹಣೆಯಲ್ಲಿ ಬಿಳಿ ಬೊಟ್ಟಿದೆ. ಮೇಷ್ಟರಿಗೆ ಹಳೆಯದೊಂದು ಪತ್ರಿಕೆ, ಮುದ್ದೆಯಾಗಿತ್ತು. ಇನ್ನೊಂದು ಮನೆಯವರು ಕಾಗದ ತೆಗೆದುಕೊಳ್ಳಲೇ ಇಲ್ಲ, ಬಾಗಿಲಲ್ಲಿ ನಿಂತು ಅತ್ತರು. ಎಲ್ಲರೂ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದು ಒಂದನ್ನೇ. ಬಿಟ್ಟುಬಿಡಬಾರದಿತ್ತಾ ಮಗು? ಕಾಗದ ತಾನೆ, ಹೋದರೆ ಹೋಗಲಿ ಎನ್ನುತ್ತಿದ್ದೆವಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದರು. ಪ್ರತಿ ಬಾಗಿಲಲ್ಲೂ ನನ್ನ ಭುಜದ ಮೇಲಿನ ಅವನ ಕೈ ಇನ್ನಷ್ಟು ಭಾರವಾಗುತ್ತಿತ್ತು.

ಗಾಣದವನಿಗೆ ಸೋದರಳಿಯ ಬರೆದಿದ್ದ: ಕಳೆದ ಸಲ ಒಯ್ದ ಗರಗಸ ವಾಪಸ್ಸು ಕೊಡು. ಗಾಣದವನು ಮುದುಕನಾಗಿದ್ದ. ಓದಿ, ಕಾಗದವನ್ನು ಮುಷ್ಟಿಯಲ್ಲಿ ಹಿಸುಕಿದ. "ಆ ಮೀನಿನ ಮಾತು..." ಎಂದ. "ನಾನು ತಮಾಷೆಗಂದದ್ದು ಕಣಪ್ಪ. ಬಾಯಿ ಚಪಲ. ನೀನು ಅದನ್ನ ಇಷ್ಟು..." ತಮ್ಮ ಅವನ ಕೈ ಹಿಡಿದು ಅದುಮಿ, ಇರಲಿ ಎಂಬಂತೆ ತಲೆಯಾಡಿಸಿದ. ನಾನು ಗಾಣದವನಿಗೆ ಹೇಳಬೇಕೆಂದುಕೊಂಡದ್ದು ಬಹಳವಿತ್ತು. ಅವನ ಗದ್ದ ನಡುಗುವುದನ್ನು ನೋಡಿ ನುಂಗಿಕೊಂಡೆ.

ಕೊನೆಗೆ ಉಳಿದದ್ದು ಗಾರೆಯವನ ಮನೆಯ ಕಾಗದ. ಅದು ಇದೆ ಎಂದು ತಮ್ಮನಿಗೆ ಬೆಳಿಗ್ಗೆಯಿಂದ ಗೊತ್ತಿತ್ತು. ಓಣಿಗೆ ತಿರುಗಿದಾಗ ಅವನ ನಡಿಗೆ ಚುರುಕಾಯಿತು, ಊರುಗೋಲಿನ ಸದ್ದು ಜೋರಾಯಿತು. "ಇದು ಅಕ್ಕ. ಇದೇ" ಎಂದ. ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ಆ ಕಾಗದದಲ್ಲಿ ಏನಾದರೂ ಇರಲಿ, ಈ ಹೆಣ್ಣು ಅದನ್ನು ಎದೆಗೆ ಒತ್ತಿಕೊಂಡು ಕುಣಿದುಬಿಡಲಿ, ಇದೊಂದು ಬರದೇ ಹೋಗಿದ್ದರೆ ನಾನು ಸತ್ತೇ ಹೋಗುತ್ತಿದ್ದೆ ಎಂದು ಒಂದು ಮಾತು ಅನ್ನಲಿ. ಸುಳ್ಳಾದರೂ ಸರಿಯೆ.

ಅವಳು ಬೇಲಿಗೆ ಒರಗಿ ನಿಂತಿರಲಿಲ್ಲ. ಸುದ್ದಿ ಕೇಳಿದ ಮೇಲೆ ಬೇಲಿಯ ಹತ್ತಿರ ಬರುವುದಕ್ಕೇ ಆಗುತ್ತಿಲ್ಲ ಎಂದು ಆಮೇಲೆ ಹೇಳಿದಳು. ಬಾಗಿಲು ತಟ್ಟಿದಾಗ ಬಂದಳು, ನನ್ನ ಹೆಗಲಲ್ಲಿದ್ದ ಚೀಲ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ನನ್ನ ತಮ್ಮ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ಬಿಡಿಸಿದಳು. ಹಾಳೆಯ ತುಂಬ ನೀಲಿ ಕಲೆ. ಒಂದು ಅಕ್ಷರ ನಿಂತಿರಲಿಲ್ಲ.

"ಓದೋಕೆ ಬರುತ್ತಾ ತಾಯಿ?" ಎಂದ ತಮ್ಮ. "ಬೆಳಕಿಗೆ ಹಿಡಿದು ನೋಡು. ಸ್ವಲ್ಪಾನಾದ್ರೂ?"

ಅವಳು ಬೆಳಕಿಗೆ ಹಿಡಿದು ನೋಡಿದಳು. ಅವನು ಅಷ್ಟು ಆಸೆಯಿಂದ ನೋಡುತ್ತಿದ್ದುದು ಅವಳಿಗೂ ಕಂಡಿತೇನೋ. ಹಾಳೆಯನ್ನು ಜೋಪಾನವಾಗಿ ಮಡಿಸಿ, ಮಕ್ಕಳಿಗೆ ಸಮಾಧಾನ ಹೇಳುವಷ್ಟು ಮೆತ್ತಗೆ ಹೇಳಿದಳು: "ಪರವಾಗಿಲ್ಲ ಟಪಾಲಣ್ಣ. ಅವರು ಇನ್ನೊಂದು ಬರೀತಾರೆ."

ತಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಅವಳಿಗೆ ಗಾಬರಿಯಾಯಿತು. ಓಡಿಹೋಗಿ ನೀರು ತಂದಳು, ಅವನ ಪಕ್ಕದಲ್ಲೇ ಕೂತಳು, ಲೋಟ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಎಂಥ ಹುಡುಗಿ ಹೋಗಿಬಿಟ್ಟಳು ಅಣ್ಣಾ! ಈ ಹಾಳು ಚೀಲಾನ ಹೊಳೆಗೆ ಎಸೆದು ಹಗ್ಗ ಹಿಡ್ಕೊಂಡು ಬಂದಿದ್ರೆ ಆಗ್ತಿರಲಿಲ್ವಾ? ಯಾಕೆ ಬಿಡಲಿಲ್ಲ ಅವಳು? ಬಿಟ್ಟು ಬಂದಿದ್ರೆ ಅವಳನ್ನ ಯಾರು ಬೈತಿದ್ರು?"

ತಮ್ಮ ತಲೆ ಎತ್ತಿ ಅವಳನ್ನಲ್ಲ, ನನ್ನನ್ನು ನೋಡಿದ.

"ನಾನು" ಎಂದ. "ನಾನು ಬೈತಿದ್ದೆ."

ಇಲ್ಲ ಕಣೋ, ಹಾಗೆಲ್ಲ ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಅವನನ್ನು ಎತ್ತಿ ಬೆಳೆಸಿದವಳು ನಾನು. ಹೇಳಲಾಗಲಿಲ್ಲ.